ಲಗ್ಗೆರೆಯ ಉತ್ತರಕ್ಕೆ ಗ್ಲಾಸ್ಗೋದಲ್ಲಿ ಕಾದದ್ದು

ಭಾನುವಾರ, ಬಸ್ಸು

ಗ್ಲಾಸ್ಗೋದಲ್ಲಿ ಬಸ್ಸಿನಿಂದ ಇಳಿಯುವವರು ಡ್ರೈವರಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾರೆ. ಒಬ್ಬರೋ ಇಬ್ಬರೋ ಅಲ್ಲ, ಎಲ್ಲರೂ. ತೂರಾಡುತ್ತ ಇಳಿದ ಒಬ್ಬ ಕುಡುಕನೂ ಹೇಳಿದ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡಿದ್ದ ಕಾಲೇಜು ಹುಡುಗಿಯೂ ಹೇಳಿದಳು. ದಿನವೂ ತುಮಕೂರು ರಸ್ತೆಯಲ್ಲಿ ಬಸ್ಸು ಹತ್ತಿ ಇಳಿಯುವ ನನಗೆ ಇಳಿಯುವಾಗ ಕೇಳಿ ಅಭ್ಯಾಸವಿರುವುದು ಕಂಡಕ್ಟರ್ ಮಾತು: "ಬೇಗ್ ಬೇಗ ಇಳೀರಿ ಮೇಡಂ, ಮಿಕ್ಕಿದ್ ನಿದ್ದೆ ಮನೇಲ್ ಮಾಡೀರಂತೆ." ನಾನೂ ಥ್ಯಾಂಕ್ಸ್ ಹೇಳಿಯೇ ಇಳಿಯಬೇಕೆಂದು ಮನಸ್ಸಿನಲ್ಲೇ ಅಭ್ಯಾಸ ಮಾಡಿಕೊಂಡೆ. ನನ್ನ ಸ್ಟಾಪು ಬಂದಾಗ ಧ್ವನಿ ಹೊರಡಲಿಲ್ಲ. ಇಳಿದು ಫುಟ್‌ಪಾತಿನ ಮೇಲೆ ನಿಂತ ಮೇಲೆ ಹೊರಟಿತು. ಅಷ್ಟರಲ್ಲಿ ಬಸ್ಸು ತಿರುವು ದಾಟಿತ್ತು, ಪಕ್ಕದಲ್ಲಿ ನಾಯಿ ಹಿಡಿದು ನಿಂತಿದ್ದ ಮುದುಕರೊಬ್ಬರು "ಪರವಾಗಿಲ್ಲ" ಎಂದರು.

ಅದು ನನ್ನ ಮೊದಲ ವಿದೇಶ ಪ್ರಯಾಣ. ಅಮ್ಮ ದಾವಣಗೆರೆಯಿಂದ ತರಿಸಿದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಸೂಟ್‌ಕೇಸಿನ ಅರ್ಧ ತುಂಬಿತ್ತು. ವಿಮಾನ ನಿಲ್ದಾಣದಲ್ಲಿ ತಪಾಸಣೆಯವರು ಒಂದು ರೊಟ್ಟಿಯನ್ನು ಎತ್ತಿ, ಬೆರಳಿನಿಂದ ತಟ್ಟಿ ಶಬ್ದ ಕೇಳಿ, "ಇದು ಗೋಡೆಗೆ ಹಾಕುವಂಥದ್ದಾ?" ಎಂದು ಕೇಳಿದರು. ತಿನ್ನುವಂಥದ್ದು ಎಂದೆ. ಅವರು ನಂಬಿದ ಹಾಗೆ ಕಾಣಲಿಲ್ಲ, ಆದರೂ ಬಿಟ್ಟರು.

ಹೋದ ಕೆಲಸ ಹೇಳಬೇಕು. ಮಾದನಾಯಕನಹಳ್ಳಿಯ ಗೋದಾಮುಗಳ ನಡುವೆ ಇರುವ ಒಂದು ಸಣ್ಣ ಸಂಶೋಧನಾ ಕೇಂದ್ರದಲ್ಲಿ ನಾನು ಆಡಳಿತಾಧಿಕಾರಿ. ಬೌದ್ಧಿಕ ವಿಕಲತೆ, ಬೆಳವಣಿಗೆಯ ತೊಂದರೆ ಇರುವವರ ಬದುಕು ಅಲ್ಲಿನ ಅಧ್ಯಯನದ ವಿಷಯ. ಗ್ಲಾಸ್ಗೋದಲ್ಲಿರುವ ಇಂಥದೇ ಒಂದು ಕೇಂದ್ರ, ಇಂಥ ವಯಸ್ಕರು ಕಾರ್ಖಾನೆಗಳಲ್ಲಿ ಹೇಗೆ ಕೆಲಸ ಹಿಡಿಯುತ್ತಾರೆ, ಹೇಗೆ ಉಳಿಸಿಕೊಳ್ಳುತ್ತಾರೆ ಎಂದು ತಿಳಿಯುವ ಜಂಟಿ ಅಧ್ಯಯನಕ್ಕೆ ನಮ್ಮ ದೇಶದಲ್ಲಿ ಜೊತೆಗಾರರನ್ನು ಹುಡುಕುತ್ತಿತ್ತು. ಕಾರ್ಖಾನೆಗಳೇ ತುಂಬಿರುವ ಪೀಣ್ಯದ ಮಗ್ಗುಲಲ್ಲೇ ಇರುವ ನಮಗಿಂತ ಬೇರೆ ಬೇಕೇ? ಆದರೆ ಅವರ ಕಮಿಟಿ ಒಪ್ಪಬೇಕಿತ್ತು. ನಮ್ಮ ಟ್ರಸ್ಟಿನವರು ಖಡಾಖಂಡಿತವಾಗಿ ಹೇಳಿದ್ದರು: ಇದು ಕೈತಪ್ಪಿದರೆ ಸಂಶೋಧನೆಗೆ ಬೀಗ, ಮುಂದಿನ ವರ್ಷದಿಂದ ಇದು ಬರಿಯ ಡೇ ಕೇರ್.

ಇಬ್ಬರು ಬನ್ನಿ ಎಂದು ಗ್ಲಾಸ್ಗೋದವರು ಕರೆದಿದ್ದರು. ಎರಡನೆಯವರು ಯಾರು ಎಂಬುದಕ್ಕೇ ನಮ್ಮಲ್ಲಿ ಮೇಲಿಂದ ಮೇಲೆ ಸಭೆಗಳು ನಡೆದವು. ನಮ್ಮ ನಿರ್ದೇಶಕರು, ಎಲ್ಲರ ಬಾಯಲ್ಲೂ ಡಾಕ್ಟರ್ ಸಾರ್, ಹೊರಟಿದ್ದರು. ಮೊಣಕಾಲು ಕೈಕೊಟ್ಟಿತು. ಒಬ್ಬ ಟ್ರಸ್ಟಿಯ ಮನೆಯಲ್ಲಿ ಮದುವೆ. ವಿಶ್ವವಿದ್ಯಾಲಯದ ಪ್ರೊಫೆಸರರೊಬ್ಬರಿಗೆ ಪರೀಕ್ಷೆಯ ಕಾಲ. ಕೊನೆಗೆ ನಾನೊಬ್ಬಳೇ ಬಂದೆ.

ಸೋಮವಾರ, ಬಾಗಿಲು

ಕೇಂದ್ರದ ಬಾಗಿಲಲ್ಲಿ ಸೆಕ್ಯುರಿಟಿ ಇರಲಿಲ್ಲ. ಪೀಣ್ಯದಿಂದ ವೈಟ್‌ಫೀಲ್ಡಿನವರೆಗೆ ಯಾವ ಗೇಟಿಗೆ ಹೋದರೂ ನೀಲಿ ಅಂಗಿಯವರೊಬ್ಬರು ರಿಜಿಸ್ಟರ್ ಮುಂದಕ್ಕೆ ತಳ್ಳುತ್ತಾರೆ. ಅದೇ ಅಭ್ಯಾಸದಲ್ಲಿ ಪೆನ್ನು ಕೈಯಲ್ಲಿ ಹಿಡಿದೇ ಒಳಗೆ ಹೋದೆ. ಮೇಜಿನ ಹಿಂದೆ ಕೂತಿದ್ದವನು ಕ್ಯಾಲಮ್. ಡೌನ್ ಸಿಂಡ್ರೋಮ್ ಇರುವ, ಮೂವತ್ತರ ಆಸುಪಾಸಿನ ಗಂಡಸು, ಹಸಿರು ಬಿಳಿ ಪಟ್ಟಿಯ ಮಫ್ಲರ್ ಸುತ್ತಿಕೊಂಡಿದ್ದ. ಅವನ ಮುಂದೆ ರಿಜಿಸ್ಟರ್ ಇರಲಿಲ್ಲ, ಖಾಲಿ ಬ್ಯಾಡ್ಜುಗಳ ಡಬ್ಬಿ ಇತ್ತು. ಬಂದವರು ತಾವು ಏನು ಮಾಡುತ್ತೇವೆಂದು ಅವನಿಗೆ ಅರ್ಥವಾಗುವ ಹಾಗೆ ಹೇಳಬೇಕು. ಅರ್ಥವಾದರೆ ಬ್ಯಾಡ್ಜ್. ಇಲ್ಲವಾದರೆ ಇನ್ನೊಂದು ಸಲ ಹೇಳಬೇಕು.

ಅವರ ಇಂಗ್ಲಿಷಿನ ಸೊಗಡನ್ನು ನಾನಿಲ್ಲಿ ತರಲಾರೆ. ನನ್ನ ಕಿವಿಗೆ ಅದು ಕೇಳಿಸಿದ ರೀತಿಯನ್ನಷ್ಟೇ ಕನ್ನಡದಲ್ಲಿ ಬರೆಯುತ್ತೇನೆ.

"ಏನ್ ಕೆಲ್ಸ ನಿಂದು?" ಎಂದ ಕ್ಯಾಲಮ್.

"ಆಡಳಿತಾಧಿಕಾರಿ."

"ಅಂದ್ರೆ?"

"ಸಂಸ್ಥೆಯ ಎಲ್ಲ ವಿಭಾಗಗಳ ಕಾರ್ಯನಿರ್ವಹಣೆಯನ್ನು ಸಮನ್ವಯಗೊಳಿಸುವುದು."

"ಉಹೂಂ."

ನನ್ನ ಹಿಂದೆ ಕೊರಿಯರಿನವನೊಬ್ಬ ಪೆಟ್ಟಿಗೆ ಹಿಡಿದು ನಿಂತಿದ್ದ. ಅವನಿಗೆ ಆತುರವಿದ್ದಂತಿರಲಿಲ್ಲ. "ಯೋಚನೆ ಮಾಡಿ ಹೇಳು ತಾಯಿ, ನಂಗೂ ಮೊದಲ ದಿನ ಹೀಗೇ ಆಗಿತ್ತು" ಎಂದ.

ಎಂ.ಬಿ.ಎ. ಓದಿದ್ದೇನೆ, ಇಂಟರ್‌ವ್ಯೂಗಳನ್ನು ದಾಟಿದ್ದೇನೆ. ಆದರೂ ಕೆನ್ನೆ ಬಿಸಿಯಾಯಿತು. ಕೊನೆಗೆ ಹೇಳಿದೆ: "ನೋಡು, ವ್ಯಾನು ಬರಬೇಕಾದ ಹೊತ್ತಿಗೆ ವ್ಯಾನು ಬರಬೇಕು, ಡಾಕ್ಟರು ಬರಬೇಕಾದ ದಿನ ಡಾಕ್ಟರು ಬರಬೇಕು, ಬೀಗದ ಕೈ ಯಾರ ಹತ್ತಿರ ಇದೆ ಅನ್ನೋದು ಯಾರಿಗಾದರೂ ಗೊತ್ತಿರಬೇಕು. ಆ ಯಾರಿಗಾದರೂ ಅನ್ನೋಳು ನಾನು."

"ಓಹ್! ಮೋಯಿರಾ ಥರ!" ಎಂದು ಬ್ಯಾಡ್ಜ್ ಬರೆದುಕೊಟ್ಟ. ನನ್ನ ಹೆಸರಿನಲ್ಲಿ ಎರಡು ಅಕ್ಷರ ಹೆಚ್ಚಿದ್ದವು. ಕೊಡುವಾಗ "ಮದುವೆ ಆಗಿದೆಯಾ?" ಎಂದೂ ಕೇಳಿದ. ಅದು ನನ್ನ ಸ್ವಂತ ವಿಷಯ ಎಂದೆ. "ಸರಿ" ಎಂದ. ನಮ್ಮೂರಿನಲ್ಲಿ ಆ ಉತ್ತರಕ್ಕೆ ಸರಿ ಎಂದವರು ಇದುವರೆಗೆ ನನಗೆ ಸಿಕ್ಕಿಲ್ಲ.

ಮೋಯಿರಾ ಆ ಕೇಂದ್ರದ ಆಡಳಿತದ ಮುಖ್ಯಸ್ಥೆ. ಐವತ್ತು ದಾಟಿದವರು, ಕತ್ತರಿಸಿದ ನರೆಗೂದಲು, ಕಾಲಿಗೆ ಓಡುವವರ ಬೂಟು. ಅವರಿಗೆ ಸ್ವಂತ ಕೋಣೆ ಇರಲಿಲ್ಲ. ಮೆಟ್ಟಿಲ ಕೆಳಗೆ ಒಂದು ಮೇಜು, ಅಷ್ಟೇ. ಹತ್ತುವವರೂ ಇಳಿಯುವವರೂ ಏನಾದರೊಂದು ಕೇಳಿಯೇ ಹೋಗುತ್ತಿದ್ದರು. ನಮ್ಮಲ್ಲಿ ನನಗೆ ಗಾಜಿನ ಕೋಣೆ ಇದೆ, ಬಾಗಿಲಿಗೆ ಹೆಸರಿದೆ. ಅದು ಸಿಕ್ಕ ದಿನ ನಾನು ಅಮ್ಮನಿಗೆ ಫೋಟೋ ಕಳಿಸಿದ್ದೆ. ಇಲ್ಲಿ ಒಂದು ಬೆಳಗ್ಗೆ ಮೋಯಿರಾ ಪಕ್ಕದಲ್ಲಿ ಕೂತಾಗ ಆ ಕೋಣೆಗೆ ಎಷ್ಟು ವಿಷಯಗಳು ಬರುವುದೇ ಇಲ್ಲ ಎನ್ನುವುದು ತಿಳಿಯಿತು.

"ನಿಮ್ಮ ಮುಖ್ಯ ಕೆಲಸ ಯಾವುದು?" ಎಂದು ಕೇಳಿದೆ.

"ಪ್ರೊಫೆಸರುಗಳನ್ನು ಕಾಯಿಸೋದು" ಎಂದರು.

ತಮಾಷೆ ಎಂದುಕೊಂಡು ನಕ್ಕೆ. ಅವರು ನಗಲಿಲ್ಲ.

ಮಂಗಳವಾರ, ಕೆಂಪು ಕಾರ್ಡು

ಅವರು ತಮಾಷೆ ಮಾಡಿರಲಿಲ್ಲ ಎನ್ನುವುದು ಮರುದಿನದ ಸಭೆಯಲ್ಲಿ ಗೊತ್ತಾಯಿತು. ಆ ಕೇಂದ್ರದಲ್ಲಿ ಯಾವ ಅಧ್ಯಯನ ನಡೆಯಬೇಕೆಂದು ತೀರ್ಮಾನಿಸುವ ಕಮಿಟಿಯಲ್ಲಿ ಅರ್ಧದಷ್ಟು ಜನ ಬೌದ್ಧಿಕ ವಿಕಲತೆ ಇರುವವರೇ. ಕ್ಯಾಲಮ್ ಒಬ್ಬ ಸದಸ್ಯ. ಅಧ್ಯಕ್ಷೆ ಜೀನ್. ಅರವತ್ತು ದಾಟಿದ ಪುಟ್ಟ ಹೆಂಗಸು, ಮಡಿಲಲ್ಲಿ ದೊಡ್ಡ ಕೈಚೀಲ, ಮಾತು ನಿಧಾನ, ಕಣ್ಣು ಚುರುಕು. ಎಲ್ಲರ ಮುಂದೂ ಮೂರು ಕಾರ್ಡುಗಳಿದ್ದವು. ಹಸಿರು ಎತ್ತಿದರೆ ಮುಂದುವರಿಸು. ಹಳದಿ ಎತ್ತಿದರೆ ನಿಧಾನ. ಕೆಂಪು ಎತ್ತಿದರೆ ನಿಲ್ಲಿಸು, ಅರ್ಥವಾಗಲಿಲ್ಲ.

ಹೆಸರಾಂತ ಪ್ರೊಫೆಸರರೊಬ್ಬರು ಮಾತು ಶುರು ಮಾಡಿದರು. ಎರಡನೇ ವಾಕ್ಯಕ್ಕೇ ಜೀನ್ ಕೆಂಪು ಎತ್ತಿದರು. ಪ್ರೊಫೆಸರರು "ಕ್ಷಮಿಸಿ" ಎಂದು ಮೊದಲಿನಿಂದ ಹೇಳಿದರು. ಇನ್ನೊಂದು ಕೆಂಪು. ಮತ್ತೆ ಮೊದಲಿನಿಂದ. ಮೂರನೆಯ ಸಲ ಹೇಳುವಾಗ ಅವರ ಪ್ರಶ್ನೆಯೇ ಬದಲಾಗಿಹೋಗಿತ್ತು, ಮೊದಲಿಗಿಂತ ಚೆನ್ನಾಗಿತ್ತು. ನಾನು ಕುರ್ಚಿಯ ತುದಿಗೆ ಬಂದು ಕೂತಿದ್ದೆ. ಸಿನಿಮಾ ನೋಡುವಾಗಲೂ ನಾನು ಹಾಗೆ ಕೂತವಳಲ್ಲ. ನಮ್ಮ ಡಾಕ್ಟರ್ ಸಾರ್‌ಗೆ ಯಾರಾದರೂ ಕೆಂಪು ಕಾರ್ಡು ಎತ್ತುವುದನ್ನು ಕಲ್ಪಿಸಿಕೊಂಡೆ. ನಗು ತಡೆಯಲು ಕೆಮ್ಮಿದೆ. ಮೋಯಿರಾ ನೀರು ತಂದುಕೊಟ್ಟರು. ಸಭೆಯುದ್ದಕ್ಕೂ ಅವರು ಮಾಡಿದ್ದು ಅಷ್ಟೇ: ನೀರು, ಚಹಾ, ಮತ್ತು ತೀರ್ಮಾನವಾದದ್ದನ್ನು ಗೋಡೆಯ ಹಾಳೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಯುವುದು.

ಗುರುವಾರ ನನ್ನ ಸರದಿ. ಅದಕ್ಕೆ ಮುಂಚೆ ಒಮ್ಮೆ ಅಭ್ಯಾಸ ಮಾಡಿಬಿಡು ಎಂದು ಕ್ಯಾಲಮ್ ನನ್ನನ್ನು ಎಬ್ಬಿಸಿ ನಿಲ್ಲಿಸಿದ. ಲ್ಯಾಪ್‌ಟಾಪ್ ತೆರೆದೆ. ಡಾಕ್ಟರ್ ಸಾರ್ ತಿದ್ದಿ ತಿದ್ದಿ ಕೊಟ್ಟ ಸ್ಲೈಡುಗಳು. ಮೊದಲ ಸ್ಲೈಡಿಗೇ ಮೇಜಿನ ಸುತ್ತ ಕೆಂಪೋ ಕೆಂಪು. ಪ್ರೊಫೆಸರರೂ ಸಂತೋಷದಿಂದ ಒಂದು ಎತ್ತಿದ್ದರು.

"ಅದನ್ನ ಮುಚ್ಚು ಹೆನ್" ಎಂದರು ಜೀನ್. ಹೆನ್ ಎಂದರೆ ಅಲ್ಲಿ ನಮ್ಮ ಅಮ್ಮಣ್ಣಿ ಇದ್ದ ಹಾಗೆ, ಯಾವ ಹೆಣ್ಣುಮಗಳನ್ನಾದರೂ ಹಾಗೆ ಕರೆಯುತ್ತಾರೆ. "ನಿಮ್ಮೂರಲ್ಲಿ ಬೆಳಗ್ಗೆ ಕೆಲಸಕ್ಕೆ ಹೋಗೋರು ಯಾರು, ಹೇಗೆ ಹೋಗ್ತಾರೆ, ಅಷ್ಟು ಹೇಳು."

ಮುಚ್ಚಿದೆ. ಮಂಜುಳಾ ವಿಷಯ ಹೇಳಿದೆ. ಮೂವತ್ತೆರಡು ವರ್ಷದವಳು, ಲಗ್ಗೆರೆಯವಳು. ಪೀಣ್ಯದ ಒಂದು ಸಣ್ಣ ಯೂನಿಟ್ಟಿನಲ್ಲಿ ಸ್ವಿಚ್‌ಬೋರ್ಡಿನ ಸ್ಕ್ರೂಗಳನ್ನು ಪೊಟ್ಟಣ ಕಟ್ಟುತ್ತಾಳೆ. ಓದಲು ಬರುವುದಿಲ್ಲ. ಬಸ್ಸನ್ನು ಅದರ ಮುಂದಿನ ಗಾಜಿಗೆ ಕಟ್ಟಿದ ಹಾರ ನೋಡಿ ಗುರುತಿಸುತ್ತಾಳೆ. ಹಬ್ಬದ ಮಾರನೆಯ ದಿನ ಎಲ್ಲ ಬಸ್ಸಿಗೂ ಹಾರವಿರುವುದರಿಂದ ಅವತ್ತು ನಡೆದೇ ಹೋಗುತ್ತಾಳೆ. ವಾರಕ್ಕೊಮ್ಮೆ ನಮ್ಮ ಕೇಂದ್ರಕ್ಕೆ ಬರುತ್ತಾಳೆ.

ಮೇಜಿನ ಸುತ್ತ ಹಸಿರು ಎದ್ದಿತು. ಆ ಸಂಜೆ ಬಸ್ಸಿನಿಂದ ಇಳಿಯುವಾಗ ನಾನು ಎಷ್ಟು ಜೋರಾಗಿ ಥ್ಯಾಂಕ್ಸ್ ಹೇಳಿದೆನೆಂದರೆ ಡ್ರೈವರ್ ಬೆಚ್ಚಿಬಿದ್ದ.

ಗುರುವಾರ, ಖಾಲಿ ಕುರ್ಚಿ

ಗುರುವಾರದ ಸಭೆಯಲ್ಲಿ ನನಗೆ ಎರಡು ಕುರ್ಚಿ ಹಾಕಿದ್ದರು. ಒಂದರಲ್ಲಿ ಕೂತೆ. ಜೀನ್ ಇನ್ನೊಂದನ್ನೇ ನೋಡುತ್ತಿದ್ದರು.

"ಅವಳೆಲ್ಲಿ?"

"ಯಾರು?"

"ಸ್ಕ್ರೂ ಕಟ್ಟೋಳು. ಇಬ್ಬರು ಬನ್ನಿ ಅಂತ ಕರೆದಿದ್ವಿ. ಮೊನ್ನೆ ನೀನು ಹೇಳಿದಾಗ ಅವಳು ಹೋಟೆಲಲ್ಲಿ ಮಲಗಿದಾಳೆ ಅಂದ್ಕೊಂಡೆ."

ಡಾಕ್ಟರ್ ಸಾರ್ ಮೊಣಕಾಲು, ಟ್ರಸ್ಟಿ ಮನೆಯ ಮದುವೆ, ಪ್ರೊಫೆಸರರ ಪರೀಕ್ಷೆ ಎಲ್ಲ ಹೇಳಿದೆ. ಅಷ್ಟೂ ಸಭೆಗಳಲ್ಲಿ ಅಷ್ಟೂ ಹೆಸರುಗಳ ನಡುವೆ ಮಂಜುಳಾಳ ಹೆಸರು ಯಾರ ಬಾಯಿಂದಲೂ ಬಂದಿರಲಿಲ್ಲ. ಬೇಡ ಎಂದು ಬಿಟ್ಟದ್ದಲ್ಲ. ತಲೆಗೇ ಹೊಳೆದಿರಲಿಲ್ಲ. ಅದನ್ನೂ ಹೇಳಿದೆ.

ಕ್ಯಾಲಮ್‌ನ ಕೈ ಕೆಂಪು ಕಾರ್ಡಿನ ಮೇಲಿತ್ತು. ಎಲ್ಲ ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಮಾದನಾಯಕನಹಳ್ಳಿಯ ಬೋರ್ಡಿನ ಮೇಲೆ ಡೇ ಕೇರ್ ಎಂಬ ಅಕ್ಷರಗಳೂ ಕಣ್ಣ ಮುಂದೆ ಬಂದವು.

"ನಿಮ್ಮೂರಲ್ಲಿ ಈಗ ಎಷ್ಟು ಹೊತ್ತು?" ಎಂದು ಕೇಳಿದವರು ಮೋಯಿರಾ.

ಮಧ್ಯಾಹ್ನ. ಅವತ್ತು ಗುರುವಾರ, ಮಂಜುಳಾ ನಮ್ಮ ಕೇಂದ್ರಕ್ಕೆ ಬರುವ ದಿನ! ಆಗಲೇ ನಮ್ಮ ಕೇಂದ್ರಕ್ಕೆ ಫೋನ್ ಹಚ್ಚಿದೆ.

ಡಾಕ್ಟರ್ ಸಾರ್ ಕೋಣೆಯ ಕಂಪ್ಯೂಟರಿನ ಎದುರು ಮಂಜುಳಾಳನ್ನು ಕೂರಿಸಿದರು. ಇಲ್ಲಿ ಗೋಡೆಯ ಮೇಲೆ ಅವಳು ದೊಡ್ಡದಾಗಿ ಕಂಡಳು. ಎಣ್ಣೆ ಹಚ್ಚಿ ಹೆಣೆದ ಜಡೆ, ಹಳದಿ ಚೂಡಿದಾರ್. ಅವಳ ಎಡಕ್ಕೆ ತಾಯಿ ರಂಗಮ್ಮ, ಬಲಕ್ಕೆ ಡಾಕ್ಟರ್ ಸಾರ್, ಹಿಂದೆ ಅಡುಗೆಯವರು, ವ್ಯಾನ್ ಡ್ರೈವರು, ಇನ್ನೂ ಯಾರ್ಯಾರೋ. ಇಡೀ ಕೇಂದ್ರ ಆ ಕೋಣೆಗೆ ಬಂದಿತ್ತು.

ಜೀನ್ ನೇರವಾಗಿ ಕೇಳಿದರು: "ಮಂಜುಳಾ, ನಾವು ಒಂದು ಅಧ್ಯಯನ ಮಾಡಬೇಕು ಅಂತಿದೀವಿ. ನಿನ್ನಂಥವರು ಕೆಲಸಕ್ಕೆ ಹೋಗೋದರ ಬಗ್ಗೆ. ನಾವು ಬಂದು ನಿನ್ನನ್ನ ಪ್ರಶ್ನೆ ಕೇಳ್ತೀವಿ. ನಿನಗೆ ಇಷ್ಟ ಇದೆಯಾ?"

ಕನ್ನಡದಲ್ಲಿ ಹೇಳಿದೆ. ಮಂಜುಳಾ ಸುಮ್ಮನೆ ನೋಡುತ್ತಿದ್ದಳು.

"ಊಂ ಅನ್ನೇ ಮಂಜಿ" ಎಂದರು ರಂಗಮ್ಮ, ಮೆಲ್ಲಗೆ ಎಂದುಕೊಂಡು. ಗೋಡೆಯ ಸ್ಪೀಕರಿನಲ್ಲಿ ಅದು ಗುಡುಗಿತು. "ಅಷ್ಟ್ ದೂರದಿಂದ ಕೇಳ್ತಾವ್ರೆ, ಬಾಯಲ್ ಏನ್ ಕಡ್ಲೆಕಾಯ್ ಮಡಿಕ್ಕೊಂಡಿದ್ದೀಯಾ? ಊಂ ಅನ್ನು."

"ಇಂಟರೆಸ್ಟ್ ಇದೆ ಅಂತ ಹೇಳಮ್ಮ" ಎಂದರು ಡಾಕ್ಟರ್ ಸಾರ್.

ಜೀನ್ ನನ್ನ ಕಡೆ ತಿರುಗಿದರು. "ಅವರೇನಂತಾರೆ?"

ಆ ಕೋಣೆಯಲ್ಲಿ ಕನ್ನಡ ಬರುತ್ತಿದ್ದದ್ದು ನನಗೊಬ್ಬಳಿಗೆ. ಧೈರ್ಯ ತುಂಬುತ್ತಿದ್ದಾರೆ ಎಂದಿದ್ದರೆ ಅದು ಪೂರ್ತಿ ಸುಳ್ಳೂ ಆಗುತ್ತಿರಲಿಲ್ಲ. ನಮ್ಮ ಕೇಂದ್ರ ಉಳಿಯುವುದಿದ್ದರೆ ಆ ಒಂದು ವಾಕ್ಯದಲ್ಲಿ ಉಳಿಯುತ್ತಿತ್ತು ಎಂದೇ ಆಗ ನನಗೆ ಅನ್ನಿಸಿತ್ತು. ಗೋಡೆಯ ಮೇಲೆ ಮಂಜುಳಾ ನನ್ನನ್ನೇ ನೋಡುತ್ತಿದ್ದಳು. ಹೇಳಿದ್ದನ್ನು ಹೇಳಿದ ಹಾಗೇ ಇಂಗ್ಲಿಷಿಗೆ ತಿರುಗಿಸಿದೆ. ಕಡಲೆಕಾಯಿಯನ್ನೂ ಬಿಡಲಿಲ್ಲ.

ಜೀನ್ ಕೆಂಪು ಕಾರ್ಡು ಎತ್ತಿ ಕ್ಯಾಮರಾಗೆ ಹಿಡಿದು, "ಉಳಿದವರೆಲ್ಲ ಆಚೆ ಹೋಗ್ಲಿ" ಎಂದರು.

"ಅದೇನವ್ವ ಕೆಂಪ್ ಚೀಟಿ?" ಎಂದರು ರಂಗಮ್ಮ.

"ಸುಮ್ನಿರಿ ಅಂತ" ಎಂದೆ. "ಮಂಜುಳಾ ಒಬ್ಬಳನ್ನೇ ಬಿಟ್ಟು ಎಲ್ಲರೂ ಆಚೆ ಹೋಗಬೇಕಂತೆ. ಡಾಕ್ಟರ್ ಸಾರ್, ನೀವೂ."

ಡಾಕ್ಟರ್ ಸಾರ್‌ರ ಮುಖ ನೋಡಲು ನನಗೆ ಆಗಲಿಲ್ಲ. ಕುರ್ಚಿ ಸರಿದ ಸದ್ದು ಕೇಳಿಸಿತು. ಕೋಲು ಊರಿಕೊಂಡು ತಮ್ಮ ಕೋಣೆಯಿಂದ ತಾವೇ ಹೊರಗೆ ಹೋದರು. ಅವರ ಹಿಂದೆ ಉಳಿದವರು. ರಂಗಮ್ಮ ಮಾತ್ರ ಅಲ್ಲಾಡಲಿಲ್ಲ.

"ನಾನ್ಯಾಕ್ ಓಗ್ಲಿ? ಎತ್ತವ್ಳು ನಾನು."

"ಅಮ್ಮ" ಎಂದಳು ಮಂಜುಳಾ. ಅವಳು ಬಾಯಿ ತೆರೆದದ್ದು ಅದೇ ಮೊದಲು. "ನೀ ಓಗಿ ಕಾಫಿ ಕುಡ್ಕೊಂಡ್ ಬಾ. ನಂಗೂ ಒಂದ್ ತತ್ತಾ. ನಿಧಾನ್ವಾಗ್ ಬಾ."

ಬಾಗಿಲು ಹಾಕಿಕೊಂಡಿತು. ಮಂಜುಳಾ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. ಅವಳ ಮುಖ ಗೋಡೆ ತುಂಬಿತು.

"ಆ ಮಫ್ಲರ್ ಅಣ್ಣ ಯಾರು?"

ಕ್ಯಾಲಮ್, ಬಾಗಿಲಲ್ಲಿ ಬ್ಯಾಡ್ಜ್ ಕೊಡುತ್ತಾನೆ ಎಂದೆ.

"ದಿನಾ ನಿಂತ್ಕೋಬೇಕಾ, ಕೂತ್ಕೋಬೋದಾ?"

ಕೂತ್ಕೋಬಹುದು ಎಂದ ಕ್ಯಾಲಮ್.

"ಸೂಪರ್‌ವೈಸರ್ ಬೈತಾರಾ?"

ಕ್ಯಾಲಮ್ ಮೋಯಿರಾ ಕಡೆ ನೋಡಿ, ತಡವಾದರೆ ಬಯ್ಯುತ್ತಾರೆ ಎಂದ. "ಎಲ್ಲಾ ಕಡೆ ಅಂಗೇಯಾ" ಎಂದಳು ಮಂಜುಳಾ. ತನ್ನ ಯೂನಿಟ್ಟಿನಲ್ಲಿ ಪಕ್ಕ ಕೂರುವ ಸಲ್ಮಾಳ ಬಗ್ಗೆ ಹೇಳಿದಳು. ಇಬ್ಬರೂ ಊಟದ ಡಬ್ಬಿ ಬದಲಾಯಿಸಿಕೊಳ್ಳುತ್ತಾರಂತೆ, ರಂಗಮ್ಮನಿಗೆ ಗೊತ್ತಿಲ್ಲವಂತೆ. ಮಾತು ಎಷ್ಟು ಭರದಿಂದ ನಡೆಯಿತೆಂದರೆ ನನಗೆ ಎರಡೂ ಕಡೆಗೆ ತಿರುಗಿಸಿ ಹೇಳಿ ಉಸಿರು ಸಿಗಲಿಲ್ಲ. ಪ್ರೊಫೆಸರರು ಬರೆದುಕೊಳ್ಳುವುದನ್ನು ಬಿಟ್ಟು ಗದ್ದಕ್ಕೆ ಕೈಕೊಟ್ಟು ಕೇಳುತ್ತಿದ್ದರು.

ಕೊನೆಗೆ ಜೀನ್ ಮೊದಲ ಪ್ರಶ್ನೆಯನ್ನೇ ಮತ್ತೆ ಕೇಳಿದರು. ಅಧ್ಯಯನಕ್ಕೆ ನೀನು ಬರುತ್ತೀಯಾ?

ಮಂಜುಳಾ ಮೂಗು ಉಜ್ಜಿಕೊಂಡಳು. "ಯೋಚ್ನೆ ಮಾಡಿ ಏಳ್ತೀನಿ."

ತಿರುಗಿಸಿ ಹೇಳಿದೆ. ಜೀನ್ ಮೇಜು ತಟ್ಟಿದರು. "ಒಳ್ಳೇದು! ಆ ಸಂತೆಯ ಮಧ್ಯೆ ಊಂ ಅಂದಿದ್ರೆ ನಾನು ನಂಬ್ತಿರಲಿಲ್ಲ." ಆಮೇಲೆ, ಯಾರ ಕಡೆಗೂ ನೋಡದೆ: "ಚಿಕ್ಕೋಳಿದ್ದಾಗ ನನ್ನನ್ನ ಆಸ್ಪತ್ರೆಗೆ ಹಾಕಿದ್ರು. ಕಾಯಿಲೆ ಇರಲಿಲ್ಲ. ತಲೆ ನರೆಯೋಕೆ ಶುರುವಾದ ಮೇಲೆ ಹೊರಗೆ ಬಿಟ್ಟರು. ಅಷ್ಟು ವರ್ಷದಲ್ಲಿ ಒಬ್ಬರೂ ನನಗೆ ಇಷ್ಟವಾ ಅಂತ ಕೇಳಲಿಲ್ಲ. ಕೇಳಿದ್ರೆ ಯೋಚ್ನೆ ಮಾಡ್ತಿದ್ದೆ."

ಮೋಯಿರಾ ಗೋಡೆಯ ಹಾಳೆಯ ಮೇಲೆ ಬರೆದರು: ಪೀಣ್ಯ. ಮಂಜುಳಾ ಉತ್ತರ ಬಂದ ಮೇಲೆ ತೀರ್ಮಾನ. ಪ್ರೊಫೆಸರರು ಯಾವಾಗ ಬರಬಹುದು ಎಂದು ಕೇಳಿದರು. "ಬಂದಾಗ" ಎಂದರು ಮೋಯಿರಾ.

ಆ ಸಂಜೆ ಡಾಕ್ಟರ್ ಸಾರ್ ಫೋನ್ ಮಾಡಿದರು. "ಏನಮ್ಮಾ, ನನ್ ರೂಮಿಂದ ನನ್ನನ್ನೇ ಆಚೆ ಹಾಕ್ಬಿಟ್ರಲ್ಲ" ಎಂದು ನಕ್ಕರು. ನಗುವಿನ ಕೊನೆಯಲ್ಲಿ ಸ್ವಲ್ಪ ನೋವಿತ್ತು. "ಈಗೇನು, ನಾನು ಅವಳಿಗೆ ಒಂದ್ಸಲ ತಿಳಿಸಿ ಹೇಳ್ಲಾ?"

ಅವರ ಮಾತಿಗೆ ನಾನು ಇದುವರೆಗೆ ಹ್ಞೂಂ ಸಾರ್ ಎಂದವಳೇ ಹೊರತು ಬೇರೆ ಹೇಳಿದವಳಲ್ಲ. "ಬೇಡ ಸಾರ್" ಎಂದೆ. "ನೀವು ಕೇಳಬಾರದು, ಟ್ರಸ್ಟಿಗಳೂ ಕೇಳಬಾರದು. ಅವಳು ಬಂದು ಏನಾದರೂ ಕೇಳಿದರೆ ಮಾತ್ರ ಉತ್ತರ ಹೇಳಿ. ರಂಗಮ್ಮನವರಿಗೂ ನಾನೇ ಹೇಳ್ತೀನಿ."

"ಆಯ್ತು ಮೇಡಂ" ಎಂದರು. ಅವರು ನನ್ನನ್ನು ಮೇಡಂ ಎಂದದ್ದು ಅದೇ ಮೊದಲು. ಗೇಲಿಯೋ ಗೌರವವೋ ಕೇಳುವ ಧೈರ್ಯ ಬರಲಿಲ್ಲ.

ಶುಕ್ರವಾರ, ಕಾಲುವೆ

ಉತ್ತರ ಬರಲಿಲ್ಲ. ರಂಗಮ್ಮನಿಂದ ಒಂದು ಧ್ವನಿ ಸಂದೇಶ ಬಂತು: "ಮೇಡಂ, ನೀವ್ ಯೋಳ್ದಂಗೆ ನಾನೇನೂ ಕೇಳ್ತಿಲ್ಲ ಕಣವ್ವ. ಅವ್ಳೇ ಬಾಯ್ ಬಿಡ್ತಿಲ್ಲ. ಮುದ್ದೆ ಮುಂದ್ ಇಕ್ಕೊಂಡು ಗ್ವಾಡೆ ನೋಡ್ತಾ ಕುಂತವ್ಳೆ. ಇದ್ಯಾವ್ ಯೋಚ್ನೆನೋ ಕಾಣೆ, ನಾನ್ ಮದ್ವೆಗೂ ಇಷ್ಟ್ ಯೋಚ್ನೆ ಮಾಡ್ಲಿಲ್ಲ."

ನನ್ನ ಮುಖ ನೋಡಲಾರದೆ ಮೋಯಿರಾ ನನ್ನನ್ನು ಕಾಲುವೆಯ ದಡಕ್ಕೆ ಕರೆದೊಯ್ದರು. ಮಳೆ ಅಡ್ಡಡ್ಡ ಬೀಳುತ್ತಿತ್ತು. ನಮ್ಮ ಮಳೆ ಬಂದರೆ ಅಂಡರ್‌ಪಾಸು ತುಂಬಿ ಊರೇ ನಿಲ್ಲುತ್ತದೆ. ಇಲ್ಲಿನದು ಬರುತ್ತಲೇ ಇರುತ್ತದೆ, ಯಾರೂ ತಲೆ ಎತ್ತಿ ನೋಡುವುದಿಲ್ಲ. ನನ್ನ ಛತ್ರಿ ಗಾಳಿಗೆ ತಿರುಚಿ ಬಟ್ಟಲಾಯಿತು. ಎದುರಿಗೆ ಬಂದ ಹೆಂಗಸೊಬ್ಬಳು ನಿಂತು, "ಇನ್ನೂ ಬೇಸಿಗೆ ಕಣಮ್ಮಾ, ಛತ್ರಿ ಉಳಿಸ್ಕೋ" ಎಂದು ನಕ್ಕು ಹೋದಳು.

"ಜೀನ್ ಕಮಿಟಿಗೆ ಬರೋಕೆ ಒಪ್ಪೋಕೆ ಎಷ್ಟು ದಿನ ತಗೊಂಡ್ರು ಗೊತ್ತಾ?" ಎಂದರು ಮೋಯಿರಾ. "ಒಂದು ಚಳಿಗಾಲ ಪೂರ್ತಿ."

"ನನ್ನ ವಿಮಾನ ನಾಳೆ" ಎಂದೆ.

"ಗೊತ್ತು."

"ಅವಳು ಬೇಡ ಅಂದರೆ?"

"ಆಗ ಅವಳಿಗೆ ಬೇಡ ಅಂತ ನಮಗೆ ಗೊತ್ತಾಗತ್ತೆ. ಅದನ್ನ ಗೋಡೆ ಮೇಲೆ ಬರೀತೀನಿ. ಆಮೇಲೆ ಅಳೋದಿದ್ರೆ ಮೆಟ್ಟಿಲ ಕೆಳಗೆ ಕೂತು ಅಳ್ತೀನಿ, ಅಭ್ಯಾಸ ಇದೆ."

ನನ್ನ ಚೀಲದಲ್ಲಿ ಒಂದು ಖಡಕ್ ರೊಟ್ಟಿ ಇತ್ತು. ಸೇತುವೆಯ ಕೆಳಗೆ ನಿಂತು ಇಬ್ಬರೂ ಮುರಿದುಕೊಂಡು ತಿಂದೆವು. ಮೋಯಿರಾ ಅದನ್ನು ಅಗಿಯುತ್ತ ಮುಂದಿನ ಸೇತುವೆಯವರೆಗೂ ಮಾತಾಡಲಿಲ್ಲ.

ಶನಿವಾರ, ವಿಮಾನ ನಿಲ್ದಾಣ

ಮೋಯಿರಾ ತಮ್ಮ ಕಾರಿನಲ್ಲಿ ಬಿಡಲು ಬಂದರು. ಜೀನ್ ಕೂಡ ಬಂದಿದ್ದರು. ವಿಮಾನ ಮೇಲೇಳುವುದನ್ನು ನೋಡುವುದು ಅವರಿಗೆ ಇಷ್ಟವಂತೆ. ತಪಾಸಣೆಗೆ ಮುಂಚೆ ಚಹಾ ಕುಡಿಯುತ್ತ ಕೂತಿದ್ದೆವು. ಟ್ರಸ್ಟಿಗೆ ಏನು ವರದಿ ಬರೆಯಲಿ ಎಂದು ಯೋಚಿಸುತ್ತಿದ್ದೆ. ಫೋನು ಅದುರಿತು. ರಂಗಮ್ಮನ ನಂಬರು, ವಿಡಿಯೋ ಕರೆ.

ರಂಗಮ್ಮ ಅಲ್ಲ, ಮಂಜುಳಾ! ತಾಯಿಯ ಫೋನನ್ನು ಯೂನಿಟ್ಟಿಗೆ ತಂದುಬಿಟ್ಟಿದ್ದಳು. ಅಲ್ಲಿ ಊಟದ ಬಿಡುವು. ಹಿಂದೆ ಯಾವುದೋ ಪ್ರೆಸ್ಸು ಧಡ್ ಧಡ್ ಎನ್ನುತ್ತಿತ್ತು.

"ಯಾರೇ ಅದು ಮಂಜಿ, ಫಾರಿನ್ ಕಾಲಾ?" ಎಂದಿತು ಒಂದು ಹೆಣ್ಣು ಧ್ವನಿ.

"ಊಂ ಸಲ್ಮಾ, ನಮ್ ಮೇಡಂ. ಸುಮ್ನಿರು." ಆಮೇಲೆ ನನಗೆ: "ಮೇಡಂ, ಯೋಚ್ನೆ ಮಾಡ್ದೆ."

ಫೋನನ್ನು ಮೂವರಿಗೂ ಕಾಣುವ ಹಾಗೆ ಸಕ್ಕರೆ ಡಬ್ಬಿಗೆ ಒರಗಿಸಿದೆ. "ಹೇಳು ಮಂಜುಳಾ."

"ನಾನ್ ಬರಲ್ಲ."

ಜೀನ್ ನನ್ನ ಮುಖ ನೋಡಿದರು. ನಾನು ಹೇಳಿದೆ. ಮೋಯಿರಾ ಕಪ್ಪು ಕೆಳಗಿಟ್ಟರು.

"ಯಾಕೆ ಅಂತ ಕೇಳಬಹುದಾ?" ಎಂದರು ಜೀನ್.

"ಎಲ್ಲಾರೂ ನನ್ನೇ ಕೇಳ್ತಾರೆ" ಎಂದಳು ಮಂಜುಳಾ. "ಚಿಕ್ಕೋಳಿಂದ. ಡಾಕ್ಟ್ರು ಕೇಳ್ತಾರೆ, ಟೀಚರ್ ಕೇಳ್ತಾರೆ, ನಿಮ್ ಸೆಂಟರಲ್ ಕೇಳ್ತಾರೆ. ಇದ್ಯಾವ್ ಬಣ್ಣ, ಇದೆಷ್ಟು, ನಿನ್ನೆ ಏನ್ ತಿಂದ್ಯಾ. ಏಳೀ ಏಳೀ ಸಾಕಾಗೋಯ್ತು. ಉತ್ರ ಏಳೋ ಕೆಲ್ಸ ನಂಗ್ ಬ್ಯಾಡ." ಪ್ರೆಸ್ಸು ಎರಡು ಸಲ ಬಡಿಯಿತು. "ಕೇಳೋ ಕೆಲ್ಸ ಕೊಟ್ರೆ ಮಾಡ್ತೀನಿ."

"ಏನು?"

"ಪ್ರಶ್ನೆ ನಾನ್ ಕೇಳ್ತೀನಿ. ಅವ್ರು ಏಳ್ಲಿ. ಸಲ್ಮಾನ ಕೇಳ್ತೀನಿ, ಪಕ್ಕದ್ ಫ್ಯಾಕ್ಟ್ರಿ ರಾಜನ್ನ ಕೇಳ್ತೀನಿ. ನಮ್ ಸೂಪರ್‌ವೈಸರ್ನೂ ಕೇಳ್ತೀನಿ, ಯಾಕ್ ಬೈತೀರಾ ಅಂತ."

"ಅಯ್ಯಯ್ಯೋ, ನನ್ ಹೆಸ್ರು ಏಳ್ಬೇಡ ಕಣೇ" ಎಂದಳು ಹಿಂದಿನಿಂದ ಸಲ್ಮಾ.

ನಾನು ತಿರುಗಿಸಿ ಹೇಳುತ್ತ ಹೋದ ಹಾಗೆ ಜೀನ್‌ರ ಮುಖ ಅಗಲವಾಗುತ್ತ ಹೋಯಿತು. ಸೂಪರ್‌ವೈಸರ್ ಎನ್ನುವಷ್ಟರಲ್ಲಿ ಅವರು ಎದ್ದು ನಿಂತಿದ್ದರು. ಅಕ್ಕಪಕ್ಕದ ಮೇಜಿನವರು ತಿರುಗಿ ನೋಡಿದರು.

"ಕೊಡಿ ಅವಳಿಗೆ ಆ ಕೆಲಸ! ಅಧ್ಯಯನಕ್ಕೆ ನಮ್ಮ ಜೊತೆಗಾರರು ಇವರ ಕೇಂದ್ರದವರೇ. ಕ್ಯಾಲಮ್ ಏನಂತಾನೆ ನಂಗೊತ್ತು. ಬೇಕಾದ್ರೆ ಫೋನ್ ಮಾಡು."

ಮೋಯಿರಾ ಫೋನ್ ಮಾಡಿದರು. ಕ್ಯಾಲಮ್ ಫುಟ್‌ಬಾಲ್ ನೋಡಲು ಹೊರಟಿದ್ದವನು, ವಿಷಯ ಕೇಳಿ "ಸರಿ, ಸರಿ, ಸರಿ" ಎಂದು ಇಟ್ಟುಬಿಟ್ಟ. ಪ್ರೊಫೆಸರರು ಮಲಗಿದ್ದರಂತೆ, ಎದ್ದು ಕೂತರಂತೆ, ಪ್ರಶ್ನೆಗಳನ್ನು ಮತ್ತೆ ಮೊದಲಿನಿಂದ ಬರೆಯಬೇಕಾಗುತ್ತದಲ್ಲ ಎಂದರಂತೆ. ಹೌದು ಎಂದರು ಮೋಯಿರಾ. ಹಾಗಾದರೆ ನನ್ನದೂ ಹಸಿರು ಎಂದರಂತೆ.

"ಆಯ್ತು" ಎಂದರು ಮೋಯಿರಾ ನನ್ನ ಕಡೆ ತಿರುಗಿ. "ತೀರ್ಮಾನ ಕಮಿಟಿಯವರದ್ದು, ಮುಗೀತು. ಇನ್ನು ಉಳಿದದ್ದು ನಿನ್ನ ನನ್ನ ಕೆಲಸ. ಅವಳಿಗೆ ಹುದ್ದೆ ಏನು, ಯಾರಿಗೆ ಹೇಳಿ ರಜೆ ಹಾಕಬೇಕು, ಯೂನಿಟ್ಟಿನವರನ್ನು ಒಪ್ಪಿಸೋರು ಯಾರು. ಸೋಮವಾರ ಮಾತಾಡೋಣ."

ಸಂಶೋಧನೆಗೆ ಬೀಗ ಬೀಳುವುದಿಲ್ಲ. ಅದು ನನ್ನ ತಲೆಗೆ ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಇಳಿದ ಮೇಲೆ, ಯಾರನ್ನೂ ಮುಟ್ಟಿ ಮಾತಾಡಿಸದ ನಾನು ಜೀನ್‌ರನ್ನು ತಬ್ಬಿಕೊಂಡೆ. ಅವರ ಕೈಚೀಲ ನಮ್ಮಿಬ್ಬರ ನಡುವೆ ಒತ್ತಿತು.

"ಮೇಡಂ! ಮೇಡಂ!" ಎಂದು ಸಕ್ಕರೆ ಡಬ್ಬಿಯ ಕಡೆಯಿಂದ ಕೂಗು. ಅವಳನ್ನು ಮರೆತೇಬಿಟ್ಟಿದ್ದೆವು. "ಏನಂದ್ರು?"

"ಕೆಲಸ ಕೊಟ್ಟಿದ್ದಾರೆ ಮಂಜುಳಾ. ಕೇಳೋ ಕೆಲಸ."

ಅವಳು ನಗಲಿಲ್ಲ, ಕುಣಿಯಲಿಲ್ಲ. ದುಪಟ್ಟಾ ಸರಿಪಡಿಸಿಕೊಂಡು ನೆಟ್ಟಗೆ ಕೂತಳು. ಸಲ್ಮಾಗೆ ದೂರ ಹೋಗು ಎಂದು ಕೈ ಮಾಡಿದಳು.

"ಅಂಗಾದ್ರೆ ಮೊದ್ಲು ನಿಮ್ಮನ್ನೇ ಕೇಳ್ತೀನಿ. ಮೇಡಂ, ನೀವ್ ಈ ಕೆಲ್ಸಕ್ ಯಾಕ್ ಬಂದ್ರಿ?"

ಈ ಪ್ರಶ್ನೆಯನ್ನು ಇಂಟರ್‌ವ್ಯೂಗಳಲ್ಲಿ ಕೇಳಿದ್ದಾರೆ, ನೆಂಟರು ಕೇಳಿದ್ದಾರೆ, ಡಾಕ್ಟರ್ ಸಾರ್ ಕೇಳಿದ್ದಾರೆ. ಎಲ್ಲರಿಗೂ ಕೊಡುವ ಒಂದು ಚೊಕ್ಕ ಉತ್ತರ ನನ್ನಲ್ಲಿತ್ತು. ಅದನ್ನು ಶುರು ಮಾಡಿದೆ. ಮಂಜುಳಾ ತಲೆ ಆಡಿಸಿದಳು.

"ಅದಲ್ಲ ಮೇಡಂ. ನಿಜ ಏಳಿ. ಬೆಲ್ ಒಡ್ಯೋಕ್ ಇನ್ನೂ ಟೈಮ್ ಐತೆ."

ನನ್ನ ವಿಮಾನದವರು ತಪಾಸಣೆಗೆ ಹೋಗಬೇಕೆಂದು ಕರೆಯುತ್ತಿದ್ದರು. ಮೋಯಿರಾ ನನ್ನ ಸೂಟ್‌ಕೇಸನ್ನು ಹಿಡಿದುಕೊಂಡು ನಿಂತರು. ಜೀನ್ ವಿಮಾನ ನೋಡಲು ಕಿಟಕಿಯ ಕಡೆ ಹೋದರು. ನಾನು ಫೋನನ್ನು ಕೈಗೆತ್ತಿಕೊಂಡು ಹತ್ತಿರ ಹಿಡಿದು, ಯಾರಿಗೂ ಹೇಳಿರದ ಆ ಮಾತನ್ನು ಅವಳಿಗೆ ಹೇಳಲು ಶುರು ಮಾಡಿದೆ.